ಮೈಸೂರಿನಿಂದ ಪುಣೆಗೆ ಮೂರು ನಾಣ್ಯ

ಮೇಜಿನ ಮೇಲೆ ಮೂರು ನಾಣ್ಯಗಳಿವೆ. ಒಂದು ಕಂಠೀರಾಯ ಹಣ, ಅಂದರೆ ಮೈಸೂರು ಒಡೆಯರ ಕಾಲದ ಪುಟ್ಟ ನಾಣ್ಯ: ಚಿನ್ನದ್ದು, ಅಗಲ ಆರು ಮಿಲಿಮೀಟರ್ ಆಸುಪಾಸು, ತೂಕ 0.35 ಗ್ರಾಂ ಹತ್ತಿರ. ಸೀನಿದರೆ ಮೇಜಿನಿಂದ ಹಾರಿ ಎಲ್ಲಿಗೋ ಹೋಗಿಬಿಡುವಷ್ಟು ಹಗುರ. ಎರಡನೆಯದು 1840ರ ವಿಕ್ಟೋರಿಯಾ ಬೆಳ್ಳಿ ರೂಪಾಯಿ, 11.66 ಗ್ರಾಂ, ಮೂವತ್ತು ಮಿಲಿಮೀಟರಿಗಿಂತ ತುಸು ಹೆಚ್ಚು ಅಗಲ. ಮೂರನೆಯದು ಟಿಪ್ಪುವಿನ ಆನೆ ಇರುವ ಜೋಡಿ ಪೈಸೆ, ಇಪ್ಪತ್ತೆರಡು ಗ್ರಾಂ ದಾಟುವ ದಪ್ಪ ತಾಮ್ರ. ಮೂರೂ ಒಂದೇ ಪೊಟ್ಟಣದಲ್ಲಿ ಪುಣೆಯ ಸಂಗ್ರಾಹಕರೊಬ್ಬರಿಗೆ ಅಂಚೆಯಲ್ಲಿ ಹೋಗಬೇಕು. ಒಂದು ಉಸಿರಿಗೆ ಹಾರುವಂಥದ್ದು, ಒಂದು ಗಾಳಿಗೇ ಕಪ್ಪಾಗುವಂಥದ್ದು, ಒಂದು ತನ್ನ ಭಾರದಿಂದಲೇ ಪಕ್ಕದವರನ್ನು ಜಜ್ಜುವಂಥದ್ದು. ನಾವು ಕಳಿಸುವ ಪೊಟ್ಟಣಗಳಲ್ಲಿ ಇಂಥ ಬೆರಕೆಯೇ ಹೆಚ್ಚು. ಹಾಗಾಗಿ ಇದನ್ನೇ ಹಿಡಿದು ಮೇಜಿನಿಂದ ಬಾಗಿಲವರೆಗಿನ ಹಾದಿ ಹೇಳಬಹುದು.

ಮೊದಲು ಕೈಗೆ ಬರಬೇಕಾದ್ದು ಬಬಲ್ ರ‍್ಯಾಪ್ ಅಲ್ಲ, ತಕ್ಕಡಿ. 0.01 ಗ್ರಾಂವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಅದು ಸರಿಯಿದೆಯೋ ಇಲ್ಲವೋ ನೋಡುವುದಕ್ಕೆ ಜೇಬಿನಲ್ಲೇ ಬಟ್ಟು ಇರುತ್ತದೆ: ₹ ಚಿಹ್ನೆ ಬಂದ 2011ರ ಸರಣಿಯ 5 ರೂಪಾಯಿ ನಾಣ್ಯ ಹೆಚ್ಚು ಸವೆಯದಿದ್ದರೆ 6 ಗ್ರಾಂ ತೂಗಬೇಕು. ಒಂದೊಂದು ನಾಣ್ಯವನ್ನೂ ತೂಗಿ, ತಕ್ಕಡಿಯ ಅಂಕಿ ಕಾಣುವ ಹಾಗೆ ಅದರ ಮೇಲಿಟ್ಟೇ ಒಂದು ಫೋಟೋ ತೆಗೆಯಬೇಕು. ಆಮೇಲೆ ಎರಡೂ ಮುಖ, ಕೊನೆಗೆ ಅಂಚು. ಅಂಚಿನ ಫೋಟೋ ಬಹಳ ಜನ ಬಿಡುತ್ತಾರೆ. ಆದರೆ "ನಾನು ಕಳಿಸಿದ್ದು ಇದಲ್ಲ" ಎಂಬ ಜಗಳ ಬಂದ ದಿನ ತೀರ್ಮಾನ ಆಗುವುದು ಅಂಚಿನಲ್ಲಿರುವ ಗಂಟು, ಬೆಸುಗೆಯ ಗುರುತು, ಗೀರುಗಳಿಂದಲೇ. ಬೆಳ್ಳಿ ರೂಪಾಯಿಗಳ ಮೇಲೆ ಹಿಂದೆ ನಾಣ್ಯ ಬದಲಿಸಿಕೊಡುತ್ತಿದ್ದ ಶರಾಫರು ಪರೀಕ್ಷೆಗೆಂದು ಹಾಕಿದ ಪುಟ್ಟ ಮುದ್ರೆಗಳಿರುತ್ತವೆ. ಸಂಗ್ರಾಹಕರು ಅದನ್ನು ದೋಷವೆಂದು ಬೆಲೆ ತಗ್ಗಿಸುತ್ತಾರೆ, ಸಾಗಣೆಯ ಮಟ್ಟಿಗೆ ಮಾತ್ರ ಅದು ವರ. ಅಂಥ ಮುದ್ರೆ ಇನ್ನೊಂದು ನಾಣ್ಯದಲ್ಲಿ ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ಇರುವುದಿಲ್ಲ. ಟಿಪ್ಪುವಿನ ತಾಮ್ರದಲ್ಲಾದರೆ ಅಚ್ಚು ಎಷ್ಟು ಜರುಗಿದೆ, ಆನೆಯ ಸೊಂಡಿಲು ಪೂರ್ತಿ ಬಂದಿದೆಯೋ ಅರ್ಧಕ್ಕೆ ಹೋಗಿದೆಯೋ ಎಂಬುದೇ ಗುರುತು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಒಪ್ಪಿದ ಬೆಲೆ ಸೇರಿಸಿ, ಫೋಟೋಗಳ ಜೊತೆ ಪುಣೆಯವರಿಗೆ ಮೊದಲೇ ಕಳಿಸಿ, "ಸರಿ ಇದೆ, ಕಳಿಸಿ" ಎಂಬ ಉತ್ತರ ತರಿಸಿಕೊಳ್ಳಬೇಕು. ವಾಟ್ಸಾಪಿನಲ್ಲಿ ಫೋಟೋ ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಶರಾಫ್ ಮುದ್ರೆ ಹಿಗ್ಗಿಸಿ ನೋಡಲು ಸಿಗುತ್ತದೆ. ಈ ಹಂತಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಪೊಟ್ಟಣ ಕಳೆದಾಗ ಪರಿಹಾರ ಕೇಳುವ ಅರ್ಜಿಯ ಮುಕ್ಕಾಲು ಭಾಗ ಈ ಅರ್ಧ ಗಂಟೆಯಲ್ಲೇ ಸಿದ್ಧವಾಗಿರುತ್ತದೆ. ಪೊಟ್ಟಣ ಹೋದ ಮೇಲೆ ಇದನ್ನು ಹೊಸದಾಗಿ ತಯಾರಿಸಲು ಬರುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕಳಿಸುವ ಮುಂಚೆ ಚೆಂದ ಕಾಣಲೆಂದು ನಾಣ್ಯ ತೊಳೆಯಬೇಡಿ. ದೇವರ ಸಾಮಾನಿಗೆ ಹುಣಸೆಹಣ್ಣು ಹಾಕಿ ಉಜ್ಜಿದ ಹಾಗೆ ತಾಮ್ರದ ಪೈಸೆಯನ್ನು ಉಜ್ಜಿದರೆ ಎರಡು ಶತಮಾನದ ಕಂದು ಬಣ್ಣ ಎರಡು ನಿಮಿಷದಲ್ಲಿ ಹೋಗುತ್ತದೆ, ಬೆಲೆಯ ದೊಡ್ಡ ಪಾಲೂ ಅದರ ಜೊತೆ ಹೋಗುತ್ತದೆ. ಕೊಬ್ಬರಿ ಎಣ್ಣೆ ಸವರುವುದೂ ಬೇಡ. ಎಣ್ಣೆಗೆ ದೂಳು, ತೇವ ಅಂಟಿಕೊಂಡು ಹಾದಿಯುದ್ದಕ್ಕೂ ಅಲ್ಲೇ ಕೂರುತ್ತವೆ.

ಈಗ ಹೊದಿಕೆ. ಸಂಗ್ರಾಹಕರ ಬಳಕೆಯಲ್ಲಿ ಮೂರು ಬಗೆ ಇವೆ: ಎರಡಿಂಚು ಚೌಕದ ರಟ್ಟಿನ ನಡುವೆ ಪಾರದರ್ಶಕ ಕಿಟಕಿ ಇರುವ ಟು ಬೈ ಟು, ಎರಡು ಕಿಸೆಯ ಪ್ಲಾಸ್ಟಿಕ್ ಫ್ಲಿಪ್, ಗುಂಡಗಿನ ಗಟ್ಟಿ ಕ್ಯಾಪ್ಸೂಲ್. ಫ್ಲಿಪ್ ಕೊಳ್ಳುವಾಗ ಕೈಯಲ್ಲಿ ಮಡಿಸಿ ನೋಡಿ. ಮೆತ್ತಗಿದ್ದು, ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದು ಪಿವಿಸಿ. ಕರಕರ ಸದ್ದು ಮಾಡಿ ಗಡುಸಾಗಿದ್ದರೆ ಮೈಲಾರ್, ಅದು ಬೇಕಾದ್ದು. ಪಿವಿಸಿಯನ್ನು ಮೆದುವಾಗಿಸಲು ಸೇರಿಸುವ ರಾಸಾಯನಿಕ ಬಿಸಿಗೆ ಹೊರಬಂದು ನಾಣ್ಯದ ಮೇಲೆ ಹಸಿರು ಅಂಟಾಗಿ ನಿಲ್ಲುತ್ತದೆ, ತಾಮ್ರ, ಬೆಳ್ಳಿಯನ್ನು ತಿನ್ನುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಅಂಚೆ ವ್ಯಾನಿನ ಒಳಗಿನ ಸೆಕೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಶುದ್ಧ ಅಸಿಟೋನಿನಲ್ಲಿ ಅದ್ದಿದರೆ ಅಂಟೇನೋ ಹೋಗುತ್ತದೆ, ಅದು ತಿಂದ ಗುಳಿ ಹೋಗುವುದಿಲ್ಲ. ಉಗುರುಬಣ್ಣ ತೆಗೆಯುವ ದ್ರವವನ್ನು ಅಸಿಟೋನ್ ಅಂದುಕೊಳ್ಳಬೇಡಿ, ಅದರಲ್ಲಿ ಎಣ್ಣೆ, ಸುಗಂಧ ಎಲ್ಲ ಬೆರೆತಿರುತ್ತವೆ.

ಬೆಳ್ಳಿ ರೂಪಾಯಿ ಟು ಬೈ ಟುನಲ್ಲಿ ಕೂರುತ್ತದೆ. ಪಿನ್ ಹೊಡೆಯುವ ಬಗೆಯದಾದರೆ ನಾಲ್ಕೂ ಕಡೆ ಪಿನ್ ಹೊಡೆದು, ಹಿಂಬದಿಯಲ್ಲಿ ಎದ್ದ ಕಾಲುಗಳನ್ನು ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಬೇಕು. ಇದು ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಮೂರು ಹೋಲ್ಡರುಗಳನ್ನು ಒಂದರ ಮೇಲೊಂದು ಇಟ್ಟಾಗ ಒಂದರ ಪಿನ್ ಇನ್ನೊಂದರ ಕಿಟಕಿಯನ್ನು ಸೀಳಿ ರಾಣಿಯ ಕೆನ್ನೆಗೇ ಗೀರು ಎಳೆಯುತ್ತದೆ. ಅಂಥ ಗೀರು ಹಾದಿಯಲ್ಲಿ ಬಿದ್ದದ್ದು ಎಂದು ಯಾರೂ ನಂಬುವುದಿಲ್ಲ. ತಾನೇ ಅಂಟಿಕೊಳ್ಳುವ ಬಗೆಯ ಹೋಲ್ಡರಾದರೆ ಈ ಕಾಟವಿಲ್ಲ, ಬೆಲೆ ಸ್ವಲ್ಪ ಜಾಸ್ತಿ. ಅಂಚೆಗೆ ಹಾಕುವ ನಾಣ್ಯಕ್ಕೆ ಅದನ್ನೇ ಬಳಸುವುದು ಒಳ್ಳೆಯದು.

ಜೋಡಿ ಪೈಸೆಯ ದಪ್ಪಕ್ಕೆ ರಟ್ಟಿನ ಹೋಲ್ಡರ್ ಒಗ್ಗುವುದಿಲ್ಲ, ಕಿಟಕಿ ಉಬ್ಬಿ ಹರಿಯುತ್ತದೆ. ಅದಕ್ಕೆ ಮೈಲಾರ್ ಫ್ಲಿಪ್. ಫ್ಲಿಪ್ಪಿನ ಬಾಯಿ ತೆರೆದಿರುತ್ತದೆ ಎಂಬುದನ್ನು ನೆನಪಿಡಬೇಕು. ಮಡಿಸಿ, ಮಡಿಕೆಯ ಮೂರೂ ಬದಿಗೆ ಪೇಪರ್ ಟೇಪ್ ಹಚ್ಚಬೇಕು. ನಾಣ್ಯ ಇರುವ ಕಿಸೆಯ ಮೇಲೆ ಸೆಲ್ಲೋಟೇಪ್ ಹಚ್ಚಿದರೆ ಪುಣೆಯವರು ಅದನ್ನು ಕೀಳುವಾಗ ಪ್ಲಾಸ್ಟಿಕ್ ಹರಿದು ಅಂಟು ನಾಣ್ಯಕ್ಕೆ ತಾಗುತ್ತದೆ.

ಕಷ್ಟ ಕೊಡುವುದು ಕಂಠೀರಾಯ ಹಣ. ಮಾರುಕಟ್ಟೆಯಲ್ಲಿ ಸಿಗುವ ಅತಿ ಚಿಕ್ಕ ಕಿಟಕಿಯಲ್ಲೂ ಅದು ತೆಪ್ಪದ ಹಾಗೆ ಅತ್ತಿತ್ತ ತೇಲುತ್ತದೆ. ರಟ್ಟಿನ ಎರಡು ಪದರದ ನಡುವೆ ಕೂದಲೆಳೆ ಸಂದು ಸಿಕ್ಕರೂ ಜಾರಿ ಹೊರಗೆ ಬರುತ್ತದೆ. ಬಬಲ್ ರ‍್ಯಾಪಿನ ಮಡಿಕೆಯಲ್ಲಿ ಸಿಕ್ಕಿಕೊಂಡ ಹಣವನ್ನು ಪಡೆದವರು ಕಾಣದೆ, ಪ್ಯಾಕಿಂಗ್ ಸಮೇತ ಕಸದ ಬುಟ್ಟಿಗೆ ಹಾಕುವ ಸಾಧ್ಯತೆ ಕಳ್ಳತನಕ್ಕಿಂತ ಹೆಚ್ಚು. ಇದಕ್ಕೆ ಅಕ್ಕಸಾಲಿಗರ ದಾರಿ ಒಳ್ಳೆಯದು: ಅವರು ಹರಳು ಕಟ್ಟುವ ಹಾಗೆ ಬಿಳಿ ಬಟರ್ ಪೇಪರಿನ ಅಂಗೈಯಗಲದ ತುಂಡನ್ನು ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಮೂರು ಮಡಿಕೆ ಮಾಡಿ ಒಂದರೊಳಗೊಂದು ಸಿಕ್ಕಿಸಬೇಕು. ಆ ಪೊಟ್ಟಣವನ್ನು ಒಂದೂವರೆ ಇಂಚಿನ ಜಿಪ್ ಕವರಿನಲ್ಲಿ ಹಾಕಿ, ಗಾಳಿ ಹೊರದೂಡಿ ಮುಚ್ಚಿ, ಆ ಕವರನ್ನು ಒಂದು ಗಾಢ ಬಣ್ಣದ ರಟ್ಟಿಗೆ ಅಂಟಿಸಬೇಕು. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ "ಒಳಗೆ 1 ಹಣ ಇದೆ" ಎಂದು ಬರೆಯಬೇಕು. ಹೊರಗಡೆ ಎಷ್ಟು ಗುಟ್ಟೋ ಒಳಗಡೆ ಅಷ್ಟು ಬಹಿರಂಗವಾಗಿರಬೇಕು.

ಗುಣಮಟ್ಟ ಅಳೆಯುವ ಸಂಸ್ಥೆಯಿಂದ ಗ್ರೇಡಿಂಗ್ ಆಗಿ ಗಟ್ಟಿ ಪ್ಲಾಸ್ಟಿಕ್ ಸ್ಲ್ಯಾಬಿನಲ್ಲಿ ಕೂತ ನಾಣ್ಯ ಸುರಕ್ಷಿತ ಎಂಬ ನಂಬಿಕೆ ಇದೆ. ನಾಣ್ಯ ಸುರಕ್ಷಿತ, ಸ್ಲ್ಯಾಬ್ ಅಲ್ಲ. ಅದರ ಮೂಲೆಗಳು ಬೇಗ ಚಕ್ಕೆ ಏಳುತ್ತವೆ. ತೆಳು ಲಕೋಟೆಯಲ್ಲಿ ಹಾಕಿದರೆ ನಮ್ಮ ಅಂಚೆ ಕಚೇರಿಗಳಲ್ಲಿ ಇನ್ನೂ ಕೈಯಿಂದಲೇ ಬಡಿಯುವ ಮೊಹರಿನ ಒಂದೇ ಏಟು ಸಾಕು ಬಿರುಕು ಬಿಡಲು. ಸ್ಲ್ಯಾಬ್ ಆಗಲಿ, ಟಂಕಸಾಲೆ ಸಂಗ್ರಾಹಕರಿಗೆಂದೇ ಹೊಳಪಾಗಿ ಅಚ್ಚು ಹಾಕುವ ಪ್ರೂಫ್ ಸೆಟ್ಟಿನ ಪೆಟ್ಟಿಗೆಯಾಗಲಿ, ನಾಲ್ಕೂ ಕಡೆ ಕನಿಷ್ಠ ಒಂದಿಂಚು ಮೆತ್ತೆ ಇರುವ ಡಬ್ಬಿಯಲ್ಲೇ ಹೋಗಬೇಕು. 2010ರ ಬೃಹದೀಶ್ವರ ದೇವಾಲಯದ 1000 ರೂಪಾಯಿಯಂಥ ಸ್ಮಾರಕ ನಾಣ್ಯ 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ. ಅದರ ಪೆಟ್ಟಿಗೆ ಕಪಾಟಿನಲ್ಲಿಡುವುದಕ್ಕೆ ಮಾಡಿದ್ದು, ಹಾದಿಗಲ್ಲ.

ಮೂರೂ ನಾಣ್ಯಗಳು ಹೊದಿಕೆಯಲ್ಲಿ ಕೂತ ಮೇಲೆ ರಟ್ಟಿನ ಕೆಲಸ. ಗಟ್ಟಿ ರಟ್ಟಿನ ಎರಡು ತುಂಡು, ಒಂದೊಂದೂ 10 ಸೆಂಟಿಮೀಟರಿಗೆ 15. ಮನೆಯಲ್ಲಿ ಹಳೆ ಲಗ್ನಪತ್ರಿಕೆಗಳ ಕಟ್ಟು ಇದ್ದೇ ಇರುತ್ತದಲ್ಲ, ಅದರ ದಪ್ಪ ಕಾರ್ಡುಗಳು ಇದಕ್ಕೆ ಚೆನ್ನಾಗಿ ಬರುತ್ತವೆ. ಜರಿಪುಡಿ ಉದುರುವ ಬಗೆಯವನ್ನು ಮಾತ್ರ ಬಿಡಿ. ಕೆಳಗಿನ ತುಂಡಿನ ಮೇಲೆ ಮೂರನ್ನೂ ಪಕ್ಕಪಕ್ಕ ಇಟ್ಟು, ನಡುವೆ ತುಸು ಜಾಗ ಬಿಟ್ಟು, ಹೋಲ್ಡರಿನ ಅಂಚಿಗೆ ಪೇಪರ್ ಟೇಪ್ ಹಚ್ಚಿ ಕೂರಿಸಬೇಕು. ಒಂದರ ಮೇಲೊಂದು ಪೇರಿಸಬಾರದು. ಮೇಲಿನ ತುಂಡು ಮುಚ್ಚಿ ಸುತ್ತಲೂ ಟೇಪ್. ರಬ್ಬರ್ ಬ್ಯಾಂಡ್ ಬೇಡವೇ ಬೇಡ: ಅದರಲ್ಲಿರುವ ಗಂಧಕ ಬೆಳ್ಳಿಗೆ ಕಪ್ಪು ಗೆರೆ ಎಳೆಯುತ್ತದೆ, ಪ್ಲಾಸ್ಟಿಕ್ಕಿನ ಆಚೆಯಿಂದಲೂ. ಪತ್ರಿಕೆಯ ಕಾಗದ ತುರುಕುವ ಅಭ್ಯಾಸವೂ ಅಷ್ಟೇ ಕೆಟ್ಟದ್ದು.

ಈ ರಟ್ಟಿನ ಜೋಡಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಸಣ್ಣ ಟಿಕ್ ಸದ್ದು ಬಂದರೂ ಬಿಚ್ಚಿ ಮತ್ತೆ ಕಟ್ಟಬೇಕು. ನಾಣ್ಯದ ಪೊಟ್ಟಣ ಹಾಳಾಗುವುದು ಮುಕ್ಕಾಲುಪಾಲು ಈ ಸದ್ದಿನಿಂದಲೇ. ಭಾರದ ನಾಣ್ಯ ಚೀಲದಿಂದ ಚೀಲಕ್ಕೆ ಬೀಳುವಾಗಲೆಲ್ಲ ಒಂದೇ ಕಡೆ ಗುದ್ದುತ್ತದೆ, ಲಕೋಟೆಯ ಮೂಲೆ ಸವೆದು ತೂತಾಗುತ್ತದೆ, ಒಂದು ದಿನ ಹೊರಗೆ ಬೀಳುತ್ತದೆ. ಖಾಲಿ ಲಕೋಟೆ ಮಾತ್ರ ವಿಳಾಸಕ್ಕೆ ತಲುಪುತ್ತದೆ. ಅಂಚೆಯವರು ಕದ್ದರು ಎಂಬ ದೂರುಗಳಲ್ಲಿ ಹಲವು ಹೀಗೆ ಹುಟ್ಟಿದವೇ. ಜೊತೆಗೆ ಆ ಸದ್ದು ಒಳಗೇನಿದೆ ಎಂದು ಕೈಗೆ ಸಿಕ್ಕವರಿಗೆಲ್ಲ ಹೇಳುತ್ತಲೂ ಹೋಗುತ್ತದೆ.

ಸದ್ದಿಲ್ಲ ಎಂದಾದ ಮೇಲೆ ರಟ್ಟಿನ ಜೋಡಿ ಜಿಪ್ ಕವರಿನೊಳಗೆ, ಎರಡು ಗ್ರಾಂ ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಮೈಸೂರಿನಿಂದ ಪುಣೆಗೆ ಜನವರಿಯಲ್ಲಾದರೆ ಇದು ಹೆಚ್ಚಿನ ಎಚ್ಚರಿಕೆ. ಜುಲೈಯಲ್ಲಿ ಶಿವಮೊಗ್ಗಕ್ಕೋ ಮಂಗಳೂರಿಗೋ ಆದರೆ ಇದಿಲ್ಲದೆ ಕಳಿಸಬಾರದು, ನೆನೆದ ಅಂಚೆಚೀಲದಲ್ಲಿ ನಾಲ್ಕು ದಿನ ಕೂತ ತಾಮ್ರಕ್ಕೆ ಕಿಲುಬು ಹತ್ತುತ್ತದೆ. ಕವರಿನ ಒಳಗೇ ಪಟ್ಟಿಯ ಒಂದು ಪ್ರತಿ, ಕಳಿಸಿದವರ ಮತ್ತು ಪಡೆಯುವವರ ಪೂರ್ತಿ ವಿಳಾಸ, ಫೋನ್. ಹೊರಗಿನ ವಿಳಾಸ ಮಳೆಗೆ ಅಳಿಸಿದರೂ ಒಳಗಿನದು ದಾರಿ ತೋರಿಸುತ್ತದೆ. ಅದಕ್ಕೆ ಬಬಲ್ ರ‍್ಯಾಪಿನ ಎರಡು ಸುತ್ತು ಸಾಕು. ಐದಾರು ಸುತ್ತು ಸುತ್ತಿದರೆ ಡಬ್ಬಿ ಉಬ್ಬಿ ಟೇಪ್ ಬಿಡುತ್ತದೆ. ಆಮೇಲೆ ಸುಕ್ಕುರಟ್ಟಿನ ಚಿಕ್ಕ ಡಬ್ಬಿ. ಮೂಲೆಗಳಲ್ಲಿ ಖಾಲಿ ಉಳಿದರೆ ಬಿಳಿ ಕಾಗದ ಮುದುರಿ ತುಂಬಬೇಕು. ಡಬ್ಬಿಯ ಒಂದು ಬದಿಗೆ ಬಾಣದ ಗುರುತು ಹಾಕಿ "ಈ ಕಡೆಯಿಂದ ಕತ್ತರಿಸಿ" ಎಂದು ಬರೆಯುವುದು ಪುಣೆಯವರ ಬ್ಲೇಡಿನಿಂದ ನಾಣ್ಯವನ್ನು ಕಾಪಾಡಲು. ನೂರಾರು ಮೈಲಿ ಸುಖವಾಗಿ ಬಂದ ನಾಣ್ಯಕ್ಕೆ ಕೊನೆಯ ಗಾಯ ಮಾಡುವುದು ಆತುರದಲ್ಲಿ ಪೊಟ್ಟಣ ಬಿಚ್ಚುವ ಕೈ.

ಹೊರಗಿನ ಹೊದಿಕೆಗೆ ಬರುವ ಮೊದಲು ಯಾವುದರಲ್ಲಿ ಕಳಿಸುವುದು ಎಂದು ತೀರ್ಮಾನ ಆಗಬೇಕು, ಯಾಕೆಂದರೆ ಹೊದಿಕೆ ಅದರ ಮೇಲೆ ನಿಂತಿದೆ. ಖಾಸಗಿ ಕೊರಿಯರ್ ರಸೀದಿಯ ಹಿಂಬದಿ ಓದಿದರೆ ಬಹುತೇಕ ಎಲ್ಲದರಲ್ಲೂ ನಗದು, ಆಭರಣ, ಅಮೂಲ್ಯ ಲೋಹ, ನಾಣ್ಯ ಹೊರಗಿಟ್ಟ ವಸ್ತುಗಳ ಪಟ್ಟಿಯಲ್ಲಿರುತ್ತವೆ. "ಪುಸ್ತಕ" ಎಂದು ಸುಳ್ಳು ಬರೆದು ಕಳಿಸಿದರೆ ತಲುಪಬಹುದು, ಆದರೆ ಕಳೆದ ದಿನ ಪುಸ್ತಕದ ಬೆಲೆಯೂ ಬರುವುದಿಲ್ಲ. ರಾತ್ರಿ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು, ಬಸ್ಸಿನ ನಂಬರು ಫೋನಿನಲ್ಲಿ ಹೇಳುವ ನಮ್ಮೂರಿನ ಪದ್ಧತಿ ಮಾವಿನಹಣ್ಣಿಗೆ ಸರಿ. ಆಭರಣ ವ್ಯಾಪಾರಿಗಳು ಬಳಸುವ ಭದ್ರತಾ ಸಾಗಣೆ ಕಂಪನಿಗಳಿವೆ, ಅವು ಅಂಗಡಿಯವರಿಗೆ ಹೊಂದುವಂಥವು, ವರ್ಷಕ್ಕೆ ನಾಲ್ಕು ಪೊಟ್ಟಣ ಕಳಿಸುವವರಿಗಲ್ಲ. ಹಾಗಾಗಿ ಉಳಿಯುವುದು ಅಂಚೆ, ಅದರಲ್ಲೂ ವಿಮೆ ಮಾಡಿದ ಅಂಚೆ.

ರಿಜಿಸ್ಟರ್ಡ್ ಪೋಸ್ಟ್ ಎಂಬ ಬೇರೆ ಸೇವೆ ಈಗಿಲ್ಲ. 2025ರಲ್ಲಿ ಅದು ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಅದೇ ವರ್ಷದ ಅಕ್ಟೋಬರಿನಿಂದ ಬಂದ ಹೊಸ ದರಪಟ್ಟಿಯಲ್ಲಿ ನೋಂದಣಿಗೆ 5 ರೂಪಾಯಿ, ಓಟಿಪಿ ಹೇಳಿದರೆ ಮಾತ್ರ ಬಟವಾಡೆ ಎಂಬುದಕ್ಕೆ ಇನ್ನು 5 ರೂಪಾಯಿ, ಜಿಎಸ್‌ಟಿ ಬೇರೆ. ನೋಂದಣಿ ಮಾಡಿಸಿದರೆ ವಿಳಾಸದಾರರಿಗೆ ಅಥವಾ ಅವರು ಒಪ್ಪಿಗೆ ಕೊಟ್ಟವರಿಗೆ ಮಾತ್ರ ಕೊಡುತ್ತಾರೆ. ಅದಿಲ್ಲದಿದ್ದರೆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತವರ ಸಹಿಯೂ ನಡೆದುಬಿಡುತ್ತದೆ. ಹತ್ತು ರೂಪಾಯಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಬೇರೆ ಸಿಗದು. ಎರಡನ್ನೂ ಬಾಯಿಬಿಟ್ಟು ಕೇಳಬೇಕು, ಕೌಂಟರಿನವರು ತಾವಾಗಿ ಸೇರಿಸುವುದಿಲ್ಲ.

ವಿಮೆ ಇದೆಲ್ಲಕ್ಕಿಂತ ಬೇರೆ. ವಿಮೆಯಿಲ್ಲದ ಸ್ಪೀಡ್ ಪೋಸ್ಟ್ ಕಳೆದರೆ ಸಿಗುವುದು ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಯಾವುದು ಕಡಿಮೆಯೋ ಅದು. ನೂರಿಪ್ಪತ್ತು ರೂಪಾಯಿ ಕಟ್ಟಿದ್ದರೆ ಇನ್ನೂರ ನಲವತ್ತು ಕೈಗೆ ಬರುತ್ತದೆ, ಒಳಗೆ ವಿಜಯನಗರದ ವರಹವೇ ಇದ್ದಿರಲಿ. ವಿಮೆಯ ಗರಿಷ್ಠ ಮಿತಿ 1 ಲಕ್ಷ ರೂಪಾಯಿ. ಹಳ್ಳಿಯ ಶಾಖಾ ಅಂಚೆ ಕಚೇರಿಗಳಲ್ಲಿ ಮಿತಿ ತೀರಾ ಚಿಕ್ಕದು, ಆದ್ದರಿಂದ ಪ್ರಧಾನ ಅಂಚೆ ಕಚೇರಿಗೇ ಹೋಗಬೇಕು. ವಿಮೆಯ ಕಟ್ಟು ದಿನಕ್ಕೊಂದೆರಡಾದರೂ ನೋಡುವ ಕೌಂಟರ್ ಅಲ್ಲಿರುತ್ತದೆ. ಪೊಟ್ಟಣದ ಬೆಲೆ ಲಕ್ಷ ದಾಟಿದರೆ ಎರಡು ಪೊಟ್ಟಣ ಮಾಡಿ ಬೇರೆ ಬೇರೆ ದಿನ ಕಳಿಸುವುದು. ಒಂದೇ ನಾಣ್ಯ ಲಕ್ಷ ದಾಟಿದರೆ ರೈಲು ಟಿಕೆಟ್ ಅಗ್ಗ, ನಾವೇ ಹೋಗಿ ಕೊಟ್ಟು ಬರುವುದು ಲೇಸು.

ವಿಮೆಯ ಮೊತ್ತ ಹೆಚ್ಚಿಗೆ ಬರೆದರೆ ಲಾಭವೇನಿಲ್ಲ, ನಿಜವಾದ ಬೆಲೆಗಿಂತ ಜಾಸ್ತಿ ಕೊಡುವುದಿಲ್ಲ. ಬೇಕೆಂದೇ ಏರಿಸಿ ಬರೆದದ್ದು ಗೊತ್ತಾದರೆ ಅಷ್ಟೂ ಹೋಗುತ್ತದೆ. ಹಳೆ ನಾಣ್ಯದಲ್ಲಿ ತೊಡಕು ಬರುವುದು ಇಲ್ಲೇ: ನಾಣ್ಯದ ಮೇಲೆ "ಒಂದು ರೂಪಾಯಿ" ಎಂದಿದೆ, ನೀವು ಹದಿನೈದು ಸಾವಿರ ಕೇಳುತ್ತಿದ್ದೀರಿ. ಅರ್ಜಿ ನೋಡುವ ಅಧಿಕಾರಿ ಕಾರಣ ಕೇಳುವುದು ನ್ಯಾಯವೇ. ಕೊಂಡವರ ಹಣ ಬ್ಯಾಂಕಿನಿಂದ ಬಂದ ದಾಖಲೆ, ಬಿಲ್ಲು, ಅದೇ ಬಗೆಯ ನಾಣ್ಯ ಹರಾಜಿನಲ್ಲಿ ಹೋದ ಬೆಲೆಯ ಪುಟ ಇವನ್ನು ಕಳಿಸುವ ದಿನವೇ ಒಂದು ಕಡೆ ಇಟ್ಟುಕೊಂಡಿರಬೇಕು.

ವಿಮೆಯ ಕಟ್ಟಿಗೆ ಅರಗಿನ ಮೊಹರು ಹಳೆಯ ಕಟ್ಟಳೆ. ಡಬ್ಬಿಯನ್ನು ಗಾಡಾ ಎಂಬ ದಪ್ಪ ಹತ್ತಿ ಬಟ್ಟೆಯಲ್ಲಿ ಸುತ್ತಿ, ಸೂಜಿದಾರದಲ್ಲಿ ಒತ್ತಾಗಿ ಹೊಲಿದು, ಹೊಲಿಗೆಯ ಉದ್ದಕ್ಕೂ ಮೂರು ಇಂಚಿಗೊಂದರಂತೆ, ದಾರದ ಗಂಟಿನ ಮೇಲೆ ತಪ್ಪದೆ, ಅರಗು ಸುರಿದು ಮುದ್ರೆ ಒತ್ತುವುದು. ಎಲ್ಲ ಕಡೆಯೂ ಒಂದೇ ಮುದ್ರೆ, ಒಂದೇ ಬಣ್ಣದ ಅರಗು. ಮುದ್ರೆ ಕಳಿಸುವವರ ಸ್ವಂತ ಗುರುತಾಗಿರಬೇಕು; ಬರಿಯ ಗೆರೆ, ಅಡ್ಡಗೆರೆ, ಚುಕ್ಕೆ ಒಪ್ಪುವುದಿಲ್ಲ, ಚಲಾವಣೆಯ ನಾಣ್ಯವನ್ನು ಮುದ್ರೆಯಾಗಿ ಒತ್ತುವುದನ್ನಂತೂ ನಿಯಮವೇ ಬೇಡ ಎನ್ನುತ್ತದೆ. ಕಾರಣ ಸರಳ, ಅಂಥ ನಾಣ್ಯ ಎಲ್ಲರ ಜೇಬಿನಲ್ಲೂ ಇದೆ, ಯಾರಾದರೂ ಬಿಚ್ಚಿ ಮತ್ತೆ ಒತ್ತಿಬಿಡಬಹುದು. ನಾಣ್ಯ ಕಳಿಸುವವರಿಗೆ ಮೊದಲು ಹೊಳೆಯುವುದೂ ಅದೇ ಉಪಾಯ ಎಂಬುದು ತಮಾಷೆ. ಹೆಸರಿನ ಎರಡಕ್ಷರ ಕೊರೆದ ಹಿತ್ತಾಳೆ ಮುದ್ರೆಯನ್ನು ಮೊಹರು ಮಾಡುವ ಅಂಗಡಿಯಲ್ಲಿ ಒಮ್ಮೆ ಮಾಡಿಸಿದರೆ ಜೀವಮಾನಕ್ಕೆ ಸಾಕು.

ಅರಗು ಪ್ಲಾಸ್ಟಿಕ್ ಟೇಪಿನ ಮೇಲೆ ಹಿಡಿಯುವುದಿಲ್ಲ, ತಣ್ಣಗಾದ ಮೇಲೆ ಬಿಲ್ಲೆಯ ಹಾಗೆ ಇಡಿಯಾಗಿ ಎದ್ದು ಬರುತ್ತದೆ. ಬಟ್ಟೆಗೋ ಒರಟು ಕಾಗದಕ್ಕೋ ಒತ್ತಿದರೆ ಎಳೆಯೊಳಗೆ ಇಳಿದು ಕಚ್ಚಿಕೊಳ್ಳುತ್ತದೆ, ಕಿತ್ತರೆ ಬಟ್ಟೆಯೂ ಹರಿಯುತ್ತದೆ. ಬೇಕಾದ್ದು ಆ ಹರಿಯುವಿಕೆಯೇ. ಮುದ್ರೆಯನ್ನು ಮೊದಲು ಒದ್ದೆ ಬಟ್ಟೆಗೆ ಒರೆಸಿಕೊಂಡರೆ ಅರಗು ಅದಕ್ಕೆ ಅಂಟುವುದಿಲ್ಲ. ಮುದ್ರೆಗಳು ಒಣಗಿದ ಮೇಲೆ ಆರೂ ಬದಿಯ ಫೋಟೋ, ಇಡೀ ಕಟ್ಟಿನ ತೂಕ. ನಮ್ಮ ಈ ಮೂರು ನಾಣ್ಯದ ಕಟ್ಟು ನೂರೈವತ್ತು ಗ್ರಾಂ ಆಜುಬಾಜಿಗೆ ಬರುತ್ತದೆ.

ವಿಳಾಸದಲ್ಲಿ ನಾಣ್ಯ, ಕಾಯಿನ್, ಮುದ್ರಾ ಯಾವ ಮಾತೂ ಕೂಡದು, ಕಳಿಸುವವರ ಹೆಸರಿನಲ್ಲೂ. ಅಂಗಡಿಯ ಹೆಸರಿನಲ್ಲಿ ಆ ಮಾತಿದ್ದರೆ ಸ್ವಂತ ಹೆಸರು ಹಾಕಿ. ವಿಳಾಸವನ್ನು ಬಟ್ಟೆಯ ಮೇಲೆ ಅಳಿಸದ ಶಾಯಿಯಲ್ಲೇ ಬರೆಯುವುದು ಒಳ್ಳೆಯದು, ಚೀಟಿ ಅಂಟಿಸಿದರೆ ಉದುರುತ್ತದೆ. ಪಿನ್‌ಕೋಡ್, ಪಡೆಯುವವರ ಮೊಬೈಲ್ ನಂಬರ್ ಸ್ಪಷ್ಟವಾಗಿರಬೇಕು. ಓಟಿಪಿ ಹೋಗುವುದು ಆ ನಂಬರಿಗೇ. ವಿಮೆಯ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು, ಒಂದಕ್ಷರ ತಿದ್ದಿದರೂ ತೆಗೆದುಕೊಳ್ಳುವುದಿಲ್ಲ. ತಿದ್ದಿ ಪಕ್ಕದಲ್ಲಿ ಸಹಿ ಹಾಕಿದರೂ ಇಲ್ಲ. ಹೊಲಿದ ಮೇಲೆ ತಪ್ಪಾದರೆ ಇಡೀ ಬಟ್ಟೆ ಬದಲಿಸಬೇಕು. ಹಾಗಾಗಿ ಮೊತ್ತವನ್ನು ಮೊದಲು ಬೇರೆ ಕಾಗದದಲ್ಲಿ ಬರೆದು ನೋಡಿಕೊಳ್ಳಿ.

ಒಳಗೇನಿದೆ ಎಂಬ ಗುಟ್ಟನ್ನು ಇಷ್ಟೆಲ್ಲ ಕಾಪಾಡಿ, ಕೊನೆಗೆ ಕಟ್ಟಿನ ಮೇಲೆಯೇ ಇಂತಿಷ್ಟು ಸಾವಿರದ್ದು ಎಂದು ಬರೆಯುವುದು ವಿರೋಧವಲ್ಲವೇ ಎಂದು ಕೆಲವರು ವಿಮೆಯನ್ನೇ ಬಿಡುತ್ತಾರೆ. ವಿರೋಧ ಹೌದು. ಆದರೆ ವಿಮೆಯ ಕಟ್ಟು ಸಾಮಾನ್ಯ ಚೀಲದಲ್ಲಿ ಎಸೆದಾಡಿಕೊಂಡು ಹೋಗುವುದಿಲ್ಲ, ಲೆಕ್ಕ ಬರೆದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ತೂಕ ಗ್ರಾಂ ಲೆಕ್ಕದಲ್ಲಿ ದಾಖಲಾಗಿರುತ್ತದೆ. ಗುಟ್ಟು ಇರಬೇಕಾದ್ದು ವಿಮೆಯಿಲ್ಲದ ಕಡೆ, ಲೆಕ್ಕ ಇರಬೇಕಾದ್ದು ವಿಮೆಯಿರುವ ಕಡೆ. ಎರಡನ್ನೂ ಅರ್ಧರ್ಧ ಮಾಡಿದ ಪೊಟ್ಟಣಕ್ಕೇ ಅಪಾಯ ಹೆಚ್ಚು.

ಹೋಗುವ ಊರು ಪುಣೆ ಆದದ್ದಕ್ಕೆ ಇಷ್ಟಕ್ಕೇ ಮುಗಿಯಿತು. ಅದೇ ಡಲ್ಲಾಸಿಗೋ ದುಬೈಗೋ ಆಗಿದ್ದರೆ ಈ ಮೂರರಲ್ಲಿ ಒಂದನ್ನೂ ಕಳಿಸುವಂತಿಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾವಸ್ತು. ಅದನ್ನು ದೇಶದ ಹೊರಗೆ ಕಳಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅಥವಾ ಅದು ಒಪ್ಪಿದ ಸಂಸ್ಥೆಗೆ ಮಾತ್ರ. ತಪ್ಪಿದರೆ ಕನಿಷ್ಠ ಆರು ತಿಂಗಳು, ಗರಿಷ್ಠ ಮೂರು ವರ್ಷ ಜೈಲು, ದಂಡ ಬೇರೆ. "ತಾತನ ಪೆಟ್ಟಿಗೆಯಲ್ಲಿದ್ದದ್ದು, ಮಗನಿಗೆ ನೆನಪಿಗೆ ಕಳಿಸುತ್ತಿದ್ದೇವೆ" ಎಂಬುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ, ಲಗೇಜಿನಲ್ಲಿ ಒಯ್ದರೂ ಅಷ್ಟೇ. ಅಮೆರಿಕದ ಕನ್ನಡಿಗರ ಮನೆಗಳಿಂದ ಈ ಕೋರಿಕೆ ಆಗಾಗ ಬರುತ್ತದೆ. ಅವರಿಗೆ ಹೇಳಬಹುದಾದ್ದು ಇಷ್ಟೇ: ನಾಣ್ಯ ಇಲ್ಲೇ ಬ್ಯಾಂಕ್ ಲಾಕರಿನಲ್ಲಿರಲಿ, ಫೋಟೋ ಅಲ್ಲಿಗೆ ಬರಲಿ. ನೂರು ವರ್ಷ ಆಗದವುಗಳಿಗೂ, ನೋಡಲು ಹಳೆಯದಾಗಿದ್ದರೆ, ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆದು ಜೊತೆಗಿಡುವುದು ಕಸ್ಟಮ್ಸಿನ ಮೇಜಿನಲ್ಲಿ ತಿಂಗಳುಗಟ್ಟಲೆ ಕಾಯುವುದನ್ನು ತಪ್ಪಿಸುತ್ತದೆ. ದೇಶದೊಳಗೆ ಕಳಿಸಲು ಈ ತಡೆಯಿಲ್ಲ, ಆದರೆ ಪುರಾವಸ್ತು ಮಾರುವುದನ್ನೇ ವ್ಯಾಪಾರ ಮಾಡಿಕೊಂಡವರಿಗೆ ಪರವಾನಗಿ ಬೇಕು. ಹೊಲ ಉಳುವಾಗ, ಪಾಯ ತೆಗೆಯುವಾಗ ಸಿಕ್ಕ ನಾಣ್ಯವಂತೂ ಅಂಚೆಗೆ ಬರುವ ಮಾತೇ ಇಲ್ಲ. ಅದು 1962ರ ಕರ್ನಾಟಕ ನಿಧಿ ಕಾಯ್ದೆಯ ಕೆಳಗೆ ಜಿಲ್ಲಾಧಿಕಾರಿಗೆ ತಿಳಿಸಬೇಕಾದ ವಸ್ತು.

ಅಂಚೆ ಕಚೇರಿಗೆ ಹೋಗುವುದು ಸೋಮವಾರ ಅಥವಾ ಮಂಗಳವಾರ, ಬೆಳಗ್ಗೆ. ಶುಕ್ರವಾರ ಸಂಜೆ ಕೊಟ್ಟ ಕಟ್ಟು ಭಾನುವಾರ ಯಾವುದೋ ವಿಂಗಡಣಾ ಕೇಂದ್ರದಲ್ಲಿ ಸುಮ್ಮನೆ ಕೂತಿರುತ್ತದೆ. ದಸರಾ ವಾರ, ದೀಪಾವಳಿ ವಾರ ಬಿಟ್ಟುಬಿಡಿ, ರಾಶಿಯ ನಡುವೆ ಚಿಕ್ಕ ಕಟ್ಟು ಕಳೆದುಹೋಗುವ ಕಾಲ ಅದು. ಕೌಂಟರಿನಲ್ಲಿ ಕಟ್ಟನ್ನು ತೂಗಿ ರಸೀದಿ ಕೊಟ್ಟಾಗ ಅಲ್ಲೇ ನಿಂತು ಮೂರು ವಿಷಯ ಓದಬೇಕು: ಪಿನ್‌ಕೋಡ್, ತೂಕ, ವಿಮೆಯ ಮೊತ್ತ. ಮನೆಯಲ್ಲಿ 152 ಗ್ರಾಂ ಇದ್ದದ್ದು ರಸೀದಿಯಲ್ಲಿ 125 ಎಂದು ಬಂದಿದ್ದರೆ ಆಗಲೇ ಹೇಳಬೇಕು. ಮುಂದೆ ಕಟ್ಟಿನಿಂದ ಏನಾದರೂ ಹೊರತೆಗೆದಿದ್ದಾರೆ ಎಂದು ತೋರಿಸಲು ನಿಮಗಿರುವ ಆಧಾರ ಆ ಅಂಕಿ ಒಂದೇ. ಎರಡಕ್ಷರ, ಒಂಬತ್ತು ಅಂಕಿ, ಕೊನೆಗೆ ಐಎನ್ ಇರುವ ಹದಿಮೂರರ ಸಂಖ್ಯೆಯ ಫೋಟೋ ತೆಗೆದು ಪುಣೆಗೆ ಕಳಿಸಿ. ರಸೀದಿ ಉಷ್ಣಕಾಗದದ್ದು, ಜೇಬಿನಲ್ಲಿ ಎರಡು ತಿಂಗಳಿದ್ದರೆ ಬಿಳಿ ಚೀಟಿಯಾಗುತ್ತದೆ. ಅದೇ ದಿನ ಜೆರಾಕ್ಸ್ ಮಾಡಿಸಬೇಕು.

ಟ್ರ್ಯಾಕಿಂಗಿನಲ್ಲಿ ಒಂದೇ ಊರು ಎರಡು ದಿನ ತೋರಿಸಿದರೆ ಗಾಬರಿ ಬೇಡ. ನಾಲ್ಕನೆಯ ದಿನವೂ ಅಲ್ಲಾಡದಿದ್ದರೆ 1800 266 6868ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಬಾಯಿಮಾತಿನ ವಿಚಾರಣೆ ಲೆಕ್ಕಕ್ಕೆ ಬರುವುದಿಲ್ಲ. ವಿಳಾಸದಾರರು ಊರಿನಲ್ಲಿಲ್ಲದಿದ್ದರೆ ಕಟ್ಟು ಕೆಲವು ದಿನ ಕಾದು ವಾಪಸು ಹೊರಡುತ್ತದೆ, ಅಂದರೆ ಅಪಾಯ ಎರಡರಷ್ಟು. ಆದ್ದರಿಂದ ಕಳಿಸುವ ಮೊದಲೇ ಆ ವಾರ ಅವರು ಮನೆಯಲ್ಲಿರುತ್ತಾರೆಯೇ ಎಂದು ಕೇಳಿರಬೇಕು.

ಪುಣೆಯ ಬಾಗಿಲಲ್ಲಿ ಪೋಸ್ಟ್‌ಮ್ಯಾನ್ ನಿಂತಾಗ ಪಡೆಯುವವರ ಕೆಲಸ ಶುರು. ಓಟಿಪಿ ಹೇಳುವ ಮುಂಚೆ, ಸಹಿ ಹಾಕುವ ಮುಂಚೆ, ಕಟ್ಟನ್ನು ತಿರುಗಿಸಿ ನಾವು ಕಳಿಸಿದ ಫೋಟೋ ಜೊತೆ ಅರಗು ಹೋಲಿಸಬೇಕು. ಮುದ್ರೆ ಒಡೆದಿದ್ದರೆ, ಬಟ್ಟೆ ಹರಿದಿದ್ದರೆ, ಕೈಗೆ ಹಗುರ ಎನ್ನಿಸಿದರೆ ಅದನ್ನು ಬಾಗಿಲಲ್ಲಿ ತೆಗೆದುಕೊಳ್ಳಬಾರದು. ಅಂಚೆ ಕಚೇರಿಗೆ ಬಂದು ಪೋಸ್ಟ್‌ಮಾಸ್ಟರ್ ಎದುರಿಗೆ ತೆರೆಯುವ ಓಪನ್ ಡೆಲಿವರಿ ಕೇಳಬೇಕು. ಅಲ್ಲಿ ತೂಗಿ, ಬಿಚ್ಚಿ, ಒಳಗಿದ್ದುದರ ಪಟ್ಟಿ ಬರೆಯುತ್ತಾರೆ. ಪೋಸ್ಟ್‌ಮ್ಯಾನ್‌ಗೆ ಇನ್ನೂ ಹತ್ತು ಮನೆ ಇರುತ್ತವೆ, ಅವಸರ ಮಾಡಬಹುದು. ಒಮ್ಮೆ ಸಹಿ ಬಿತ್ತೆಂದರೆ ಆಮೇಲಿನ ದೂರಿಗೆ ಬಲವಿಲ್ಲ.

ಎಲ್ಲ ಸರಿಯಿದ್ದರೆ ಮನೆಯೊಳಗೆ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಫ್ಯಾನ್ ಆರಿಸಿ. ಕಂಠೀರಾಯ ಹಣಕ್ಕಾಗಿ ಫ್ಯಾನ್ ಆರಿಸುವುದು. ಫೋನನ್ನು ಒಂದು ಕಡೆ ನಿಲ್ಲಿಸಿ, ಮುದ್ರೆಗಳಿಂದ ಶುರುವಾಗಿ ಕೊನೆಯ ನಾಣ್ಯ ತಕ್ಕಡಿಯ ಮೇಲೆ ಕೂರುವವರೆಗೆ ನಡುವೆ ನಿಲ್ಲಿಸದ ಒಂದೇ ವಿಡಿಯೋ. ನಡುವೆ ಎಲ್ಲಾದರೂ ಕತ್ತರಿಸಿದ್ದರೆ ಆ ವಿಡಿಯೋಗೆ ಬೆಲೆಯಿಲ್ಲ. ಬಾಣ ಹಾಕಿದ ಬದಿಯಿಂದ ಡಬ್ಬಿ ಕೊಯ್ದು, ರಟ್ಟಿನ ಜೋಡಿ ಬಿಚ್ಚಿ, ಪಿನ್ ಇರುವ ಹೋಲ್ಡರಾದರೆ ನಾಲ್ಕೂ ಪಿನ್ ಪೂರ್ತಿ ತೆಗೆದ ಮೇಲೆಯೇ ತೆರೆಯಬೇಕು. ಅರ್ಧ ತೆಗೆದು ಎಳೆದರೆ ಉಳಿದ ಪಿನ್ನಿನ ಮೊನೆ ನಾಣ್ಯದ ಮೇಲೆಯೇ ಹಾಯುತ್ತದೆ. ಬೆರಳು ಅಂಚಿಗೆ ಮಾತ್ರ. ರೂಪಾಯಿ 11 ಗ್ರಾಂ ಚಿಲ್ಲರೆ, ಪೈಸೆ 22 ಚಿಲ್ಲರೆ, ಪಟ್ಟಿಯ ಅಂಕಿಗೂ ತಕ್ಕಡಿಯ ಅಂಕಿಗೂ ಒಂದೆರಡು ಸೆಂಟಿಗ್ರಾಂ ವ್ಯತ್ಯಾಸ ಬಂದರೆ ಅದು ಎರಡು ತಕ್ಕಡಿಗಳ ನಡುವಿನ ವ್ಯತ್ಯಾಸ.

ಹಣವನ್ನು ತೂಗುವಾಗ ಮಡಿಸಿದ ಕಾಗದದ ಸಮೇತ ತಕ್ಕಡಿಗಿಟ್ಟು, ಆಮೇಲೆ ಬರಿ ಕಾಗದದ ತೂಕ ಕಳೆಯುವುದು ಸುಲಭ. ಬಬಲ್ ರ‍್ಯಾಪ್, ಡಬ್ಬಿ, ಬಟ್ಟೆ ಎಲ್ಲವನ್ನೂ ಪಟ್ಟಿಯ ಮೂರೂ ಸಾಲಿಗೆ ಗುರುತು ಬೀಳುವವರೆಗೆ ಮೇಜಿನ ಮೇಲೆಯೇ ಇಡಬೇಕು, ಕಸದವರು ಗಂಟೆ ಬಾರಿಸಿದರೂ ಸರಿ.